ಸಂಶೋಧನಾ ಸಂಸ್ಥೆಯ ತಂತ್ರಜ್ಞಾನ ಪಡೆದು ಊರಲ್ಲೇ ಘಟಕ ಹಾಕುವುದು ಹೇಗೆ?

‘ಮೈಸೂರಿನ ಸಿಎಫ್‌ಟಿಆರ್‌ಐನಿಂದ ಟೆಕ್ನಾಲಜಿ ತಗೊಳ್ಳೋದು ಹೇಗೆ? ಕೃಷಿ ವಿಶ್ವವಿದ್ಯಾಲಯದವರು ಉಚಿತವಾಗಿ ಕೊಡ್ತಾರಾ? ಸಬ್ಸಿಡಿ ಎಷ್ಟು?’ ಓದುಗರಿಂದ ಪದೇ ಪದೇ ಬರುವ ಪ್ರಶ್ನೆಗಳು ಇವೇ. (ಸಿಎಫ್‌ಟಿಆರ್‌ಐ ಎಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ.) ಕೇಳುವವರಲ್ಲಿ ಹೆಚ್ಚಿನವರು ತಾಲ್ಲೂಕು ಕೇಂದ್ರಗಳ ಯುವಕರು, ಸ್ವಸಹಾಯ ಸಂಘದ ಮಹಿಳೆಯರು, ರೈತ ಉತ್ಪಾದಕ ಕಂಪನಿಗಳ ನಿರ್ದೇಶಕರು. ಅವರಿಗಾಗಿಯೇ ಇಡೀ ದಾರಿಯನ್ನು ಹಂತ ಹಂತವಾಗಿ ಇಲ್ಲಿ ಬರೆದಿದೆ.

ಒಂದು ಮಾತು ಮೊದಲೇ ತಿಳಿದಿರಲಿ. ಪರವಾನಗಿ ಶುಲ್ಕ ಕಟ್ಟಿ ಒಪ್ಪಂದಕ್ಕೆ ಸಹಿ ಹಾಕುವುದು ಈ ದಾರಿಯಲ್ಲಿ ಚಿಕ್ಕ ಕೆಲಸ. ಘಟಕ ನಿಲ್ಲುವುದೂ ಮುಚ್ಚುವುದೂ ಬಹುಪಾಲು ಅದಕ್ಕೆ ಮೊದಲು ನೀವು ಮಾಡುವ ಲೆಕ್ಕದ ಮೇಲೆ ನಿಂತಿದೆ. ಹಾಗಾಗಿ ಈ ಲೇಖನದಲ್ಲಿ ಹಣ ಕಟ್ಟುವ ಮೊದಲಿನ ಹಂತಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಮೊದಲು ಕೆಲವು ಪದಗಳು

ತಂತ್ರಜ್ಞಾನ ವರ್ಗಾವಣೆ ಎಂದರೆ ಸಂಸ್ಥೆ ತನ್ನ ಪ್ರಯೋಗಾಲಯದಲ್ಲಿ ರೂಪಿಸಿದ ವಿಧಾನ, ತಳಿ ಅಥವಾ ಯಂತ್ರವನ್ನು ಬಳಸುವ ಹಕ್ಕನ್ನೂ ಅದರ ತಿಳಿವಳಿಕೆಯನ್ನೂ ಒಪ್ಪಂದದ ಮೂಲಕ ನಿಮಗೆ ಕೊಡುವುದು. ಒಡೆತನ ಸಂಸ್ಥೆಯದೇ, ನಿಮಗೆ ಸಿಗುವುದು ಬಳಕೆಯ ಪರವಾನಗಿ. ಆ ತಿಳಿವಳಿಕೆಗೆ ‘ನೋ-ಹೌ’ ಎನ್ನುತ್ತಾರೆ: ಎಷ್ಟು ಹೊತ್ತು ನೆನೆಸಬೇಕು, ಎಷ್ಟು ಬಿಸಿಯಲ್ಲಿ ಒಣಗಿಸಬೇಕು, ಯಾವ ಪೊಟ್ಟಣಕ್ಕೆ ತುಂಬಬೇಕು ಎಂಬ ವಿವರಗಳ ಕಡತ. ಪೇಟೆಂಟ್ ಬೇರೆ. ಅದು ಹೊಸ ಆವಿಷ್ಕಾರಕ್ಕೆ ಅರ್ಜಿ ಹಾಕಿದ ದಿನದಿಂದ 20 ವರ್ಷ ಸಿಗುವ ಕಾನೂನಿನ ರಕ್ಷಣೆ. ರಾಯಲ್ಟಿ ಎಂದರೆ ನಿಮ್ಮ ಮಾರಾಟದಲ್ಲಿ ಸಂಸ್ಥೆಗೆ ಹೋಗುವ ಪಾಲು. ಪೈಲಟ್ ಘಟಕ ಎಂದರೆ ಪ್ರಯೋಗಾಲಯಕ್ಕಿಂತ ದೊಡ್ಡದು, ಕಾರ್ಖಾನೆಗಿಂತ ಚಿಕ್ಕದಾದ ಪರೀಕ್ಷಾ ಘಟಕ.

ಹಂತ 1: ನಿಮಗೆ ಪರವಾನಗಿ ಬೇಕೇ ಎಂದು ನೋಡಿ

ಎಲ್ಲದಕ್ಕೂ ಪರವಾನಗಿ ಬೇಕಾಗಿಲ್ಲ. ರಾಗಿ ಹುರಿಹಿಟ್ಟು, ಹಪ್ಪಳ, ಚಟ್ನಿಪುಡಿ, ಉಪ್ಪಿನಕಾಯಿಗಳಂಥ ಪದಾರ್ಥಗಳ ಮೇಲೆ ಯಾರ ಹಕ್ಕೂ ಇಲ್ಲ. ಅವಕ್ಕೆ ಬೇಕಾದದ್ದು ಶುಚಿತ್ವ, ಪ್ಯಾಕಿಂಗ್, ಬಾಳಿಕೆಗಳ ತರಬೇತಿ. ಅದು ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಕೃಷಿ ವಿಶ್ವವಿದ್ಯಾಲಯದ ಆಹಾರ ವಿಜ್ಞಾನ ವಿಭಾಗದಲ್ಲಿ, ಬೇಕರಿ ತಿನಿಸುಗಳಾದರೆ ಹೆಬ್ಬಾಳದ ಬೇಕರಿ ತರಬೇತಿ ಘಟಕದಲ್ಲಿ ಸಿಗುತ್ತದೆ. ತರಬೇತಿ ಸಾಕಾಗುವ ಕಡೆ ಪರವಾನಗಿಗೆ ಹಣ ಹಾಕಬೇಡಿ.

ಪೇಟೆಂಟ್ ಆಗಿದೆ ಎಂದು ಹೇಳುವ ತಂತ್ರಜ್ಞಾನವಾದರೆ ಭಾರತೀಯ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಸಂಖ್ಯೆ ಹಾಕಿ ನೋಡಿ. ಮೂರು ಸಂಗತಿ ಗಮನಿಸಿ: ಅರ್ಜಿ ಮಾತ್ರ ಹಾಕಿದ್ದಾರೆಯೇ, ಪೇಟೆಂಟ್ ಮಂಜೂರಾಗಿದೆಯೇ, ವಾರ್ಷಿಕ ಶುಲ್ಕ ಕಟ್ಟಿ ಜೀವಂತವಾಗಿ ಇಟ್ಟುಕೊಂಡಿದ್ದಾರೆಯೇ. ಪ್ರಕಟವಾದ ಪೇಟೆಂಟ್ ವಿವರವನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು. ಅವಧಿ ಮುಗಿದದ್ದನ್ನು ಬಳಸಲೂಬಹುದು. ಆದರೆ ಪೇಟೆಂಟ್ ಕಾಗದದಲ್ಲಿ ಕೈಚಳಕವೆಲ್ಲ ಇರುವುದಿಲ್ಲ, ಅದು ನೋ-ಹೌ ಕಡತದಲ್ಲಿದೆ. ಪರವಾನಗಿಗೆ ಕೊಡುವ ಹಣದ ಬೆಲೆ ಹೆಚ್ಚಾಗಿ ಆ ಕಡತದಲ್ಲೂ ಜೊತೆಗೆ ಸಿಗುವ ತರಬೇತಿಯಲ್ಲೂ ಇದೆ.

ಪರವಾನಗಿ ಖಂಡಿತ ಬೇಕಾಗುವ ಕಡೆಗಳೂ ಇವೆ: ಸಂಸ್ಥೆಯ ಸೂಕ್ಷ್ಮಾಣು ತಳಿ ಬಳಸುವ ಜೈವಿಕ ಗೊಬ್ಬರ, ಹೈಬ್ರಿಡ್ ಬೀಜಕ್ಕೆ ಬೇಕಾದ ಪೋಷಕ ಸಾಲುಗಳು (ತಂದೆ-ತಾಯಿ ತಳಿಗಳು), ಪೇಟೆಂಟ್ ಇರುವ ಯಂತ್ರ ಅಥವಾ ವಿಧಾನ, ಸಂಸ್ಥೆ ತನ್ನ ಹೆಸರಿನಲ್ಲಿ ರೂಪಿಸಿದ ಪೌಷ್ಟಿಕ ಮಿಶ್ರಣ.

ಹಂತ 2: ಯಾವ ಬಾಗಿಲು ತಟ್ಟಬೇಕು

ಆಹಾರ ಸಂಸ್ಕರಣೆಗೆ ಮೊದಲ ಬಾಗಿಲು ಮೈಸೂರಿನ ಸಿಎಫ್‌ಟಿಆರ್‌ಐ. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ತಂತ್ರಜ್ಞಾನ ವರ್ಗಾವಣೆಗೇ ಪ್ರತ್ಯೇಕ ವಿಭಾಗವಿದೆ. ಧಾನ್ಯ, ಹಣ್ಣು, ಸಾಂಬಾರ, ಪಾನೀಯ, ಯಂತ್ರ ಎಂದು ವಿಂಗಡಿಸಿದ ಪಟ್ಟಿ ಜಾಲತಾಣದಲ್ಲಿ ಸಿಗುತ್ತದೆ.

ತೋಟಗಾರಿಕೆಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ. ‘ಅರ್ಕಾ’ ಎಂಬ ಹೆಸರಿನ ತಳಿಗಳೆಲ್ಲ ಇಲ್ಲಿಯವು. ಮೂರು ರೋಗಗಳನ್ನು ತಡೆದುಕೊಳ್ಳುವ ಟೊಮೆಟೊ ಹೈಬ್ರಿಡ್ ಅರ್ಕಾ ರಕ್ಷಕ್, ಹಲವು ಉಪಕಾರಿ ಸೂಕ್ಷ್ಮಾಣುಗಳನ್ನು ಒಂದೇ ಪುಡಿಯಲ್ಲಿ ಸೇರಿಸಿದ ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ, ತರಕಾರಿಗೆ ಎಲೆಯ ಮೇಲೆ ಸಿಂಪಡಿಸುವ ಲಘು ಪೋಷಕಾಂಶ ಮಿಶ್ರಣ ‘ವೆಜಿಟಬಲ್ ಸ್ಪೆಷಲ್’ ಇವೆಲ್ಲ ಪರವಾನಗಿ ಮೇಲೆ ಹೊರಗೆ ಹೋಗಿರುವಂಥವು. ಹೊಸ ಉದ್ಯಮಿಗಳಿಗಾಗಿ ಬೆಸ್ಟ್-ಹಾರ್ಟ್ ಎಂಬ ಇನ್‌ಕ್ಯುಬೇಟರ್, ಅಂದರೆ ಹೊಸ ಉದ್ಯಮವನ್ನು ಕೈಹಿಡಿದು ಬೆಳೆಸುವ ಕೇಂದ್ರವೂ ಅಲ್ಲಿದೆ.

ರಾಜ್ಯದ ವಿಶ್ವವಿದ್ಯಾಲಯಗಳ ಪೈಕಿ ಬೆಂಗಳೂರು, ಧಾರವಾಡ, ರಾಯಚೂರಿನ ಕೃಷಿ ವಿವಿಗಳು, ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿವಿ, ಬಾಗಲಕೋಟೆಯ ತೋಟಗಾರಿಕಾ ವಿವಿ, ಬೀದರಿನ ಪಶುವೈದ್ಯಕೀಯ ವಿವಿ ಇವೆ. ರಾಗಿ ತಳಿಗಳಿಗೆ ಬೆಂಗಳೂರು ಕೃಷಿ ವಿವಿಯ ಜಿಕೆವಿಕೆ ಆವರಣ ಹೆಸರುವಾಸಿ. ಧಾರವಾಡದಲ್ಲಿ ‘ಕೃಷಿಕ್’ ಎಂಬ ಕೃಷಿ ಉದ್ಯಮ ಇನ್‌ಕ್ಯುಬೇಟರ್ ಇದೆ. ತೆಂಗು, ಅಡಿಕೆ, ಕೋಕೋ ಆದರೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ): ತೆಂಗಿನ ಚಿಪ್ಸ್, ತಣ್ಣಗಿನ ಪೆಟ್ಟಿಗೆಯಲ್ಲಿ ಹುಳಿಯಾಗದಂತೆ ಇಳಿಸುವ ತೆಂಗಿನ ಹೊಂಬಾಳೆಯ ರಸ ‘ಕಲ್ಪರಸ’ ಅಲ್ಲಿಯವು. ಗಡಿಯಾಚೆ ಎಂದು ಹಿಂಜರಿಯಬೇಡಿ, ತಿಪಟೂರು, ಅರಸೀಕೆರೆ, ಪುತ್ತೂರಿನವರಿಗೆ ಅದೇ ಸರಿಯಾದ ಜಾಗ.

ವಿಜ್ಞಾನಿಯ ಮೊಬೈಲ್ ಸಂಖ್ಯೆ ಹುಡುಕಿಕೊಂಡು ನೇರವಾಗಿ ಅವರ ಬಳಿ ಮಾತು ಮುಗಿಸಿಕೊಳ್ಳಬೇಡಿ. ವಿಷಯ ಚರ್ಚಿಸಲು ವಿಜ್ಞಾನಿ, ಶುಲ್ಕಕ್ಕೂ ಒಪ್ಪಂದಕ್ಕೂ ತಂತ್ರಜ್ಞಾನ ವರ್ಗಾವಣೆ ಕಚೇರಿ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ಸಂಸ್ಥೆಗಳಲ್ಲಿ ಈ ಕಚೇರಿಗೆ ತಂತ್ರಜ್ಞಾನ ನಿರ್ವಹಣಾ ಘಟಕ ಎನ್ನುತ್ತಾರೆ. ಕೆಲವು ತಂತ್ರಜ್ಞಾನಗಳನ್ನು ಐಸಿಎಆರ್‌ನದೇ ಕಂಪನಿಯಾದ ಅಗ್ರಿನೋವೇಟ್ ಇಂಡಿಯಾ ಮೂಲಕ ಕೊಡುತ್ತಾರೆ. ‘ನಾನು ಕೊಡಿಸ್ತೀನಿ’ ಎಂದು ನಡುವೆ ಬರುವ ದಲ್ಲಾಳಿಗೆ ಇಲ್ಲಿ ಯಾವ ಪಾತ್ರವೂ ಇಲ್ಲ.

ಹಂತ 3: ಅರ್ಜಿಗೆ ಮೊದಲು ಕೇಳಬೇಕಾದ ಪ್ರಶ್ನೆಗಳು

ಪತ್ರ ಅಥವಾ ಮಿಂಚಂಚೆಯಲ್ಲಿ ಕೇಳಿ, ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ.

- ಒಂದು ಬಾರಿಗೆ ಎಷ್ಟು ಕಿಲೋ ತಯಾರಿಸಿ ಪರೀಕ್ಷಿಸಿದ್ದೀರಿ? ಐದು ಕಿಲೋ ಪ್ರಯೋಗವೇ, ನೂರು ಕಿಲೋ ಪೈಲಟ್ ಘಟಕವೇ?
- ಈವರೆಗೆ ಎಷ್ಟು ಜನರಿಗೆ ಪರವಾನಗಿ ಕೊಟ್ಟಿದ್ದೀರಿ, ಅವರಲ್ಲಿ ಯಾರು ಈಗಲೂ ಉತ್ಪಾದನೆ ಮಾಡುತ್ತಿದ್ದಾರೆ?
- ಬಾಳಿಕೆಯ ಅವಧಿಯನ್ನು ಯಾವ ಪೊಟ್ಟಣದಲ್ಲಿ, ಯಾವ ಹವೆಯಲ್ಲಿ ಅಳೆದದ್ದು?
- ಯಂತ್ರಗಳನ್ನು ತಯಾರಿಸುವವರು ಯಾರು, ದುರಸ್ತಿ ಎಲ್ಲಿ?
- ತರಬೇತಿ ಎಷ್ಟು ದಿನ, ಎಷ್ಟು ಜನಕ್ಕೆ? ನಮ್ಮ ಘಟಕಕ್ಕೆ ಬಂದು ಮೊದಲ ತಯಾರಿ ಮಾಡಿಸಿಕೊಡುತ್ತೀರಾ, ಅದಕ್ಕೆ ಬೇರೆ ಶುಲ್ಕವೇ?

ಎರಡನೆಯ ಪ್ರಶ್ನೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಹತ್ತು ಮಂದಿ ಪರವಾನಗಿ ಪಡೆದು ಒಬ್ಬರೂ ಉತ್ಪಾದನೆ ಮಾಡುತ್ತಿಲ್ಲ ಎಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಆ ಹತ್ತರಲ್ಲಿ ಇಬ್ಬರನ್ನಾದರೂ ಹೋಗಿ ಕಂಡು ಮಾತನಾಡಿ. ಮೂರನೆಯದೂ ಅಷ್ಟೇ ಮುಖ್ಯ. ಆಹಾರದ ಬಾಳಿಕೆಯನ್ನು ಸಾಮಾನ್ಯವಾಗಿ ಎರಡು ಬಗೆಯ ಹವೆಯಲ್ಲಿ ಅಳೆಯುತ್ತಾರೆ: 27 ಡಿಗ್ರಿ ಸೆಲ್ಸಿಯಸ್ ಮತ್ತು ಶೇ 65 ತೇವಾಂಶದ ಸಾಧಾರಣ ಹವೆ, 38 ಡಿಗ್ರಿ ಮತ್ತು ಶೇ 90ರ ಆಸುಪಾಸಿನ ತೇವಾಂಶದ ಕಠಿಣ ಹವೆ. ಸಾಧಾರಣ ಹವೆಯಲ್ಲಿ ಆರು ತಿಂಗಳು ಬಾಳಿದ್ದು ಜುಲೈ ತಿಂಗಳ ಕುಂದಾಪುರದ ಅಂಗಡಿಯಲ್ಲಿ ಅಷ್ಟು ದಿನ ಇರಲಾರದು. ನಿಮ್ಮ ಮಾರುಕಟ್ಟೆ ಕರಾವಳಿ, ಮಲೆನಾಡಾದರೆ ಕಠಿಣ ಹವೆಯ ಅಂಕಿಯನ್ನೇ ಕೇಳಿ.

ನೋ-ಹೌ ವಿವರ ತೋರಿಸುವ ಮೊದಲು ಗೋಪ್ಯತಾ ಒಪ್ಪಂದಕ್ಕೆ ಸಹಿ ಕೇಳಬಹುದು. ಅದು ವಾಡಿಕೆ, ಸಹಿ ಹಾಕಿ. ಅದಕ್ಕೆ ಹಣ ಕೊಡುವ ಪ್ರಮೇಯವಿಲ್ಲ.

ಹಂತ 4: ಪ್ರಯೋಗಾಲಯದ ಅಳತೆಯಿಂದ ನಿಮ್ಮ ಅಳತೆಗೆ ಲೆಕ್ಕ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಹತ್ತು ಕಿಲೋ ತಯಾರಿಯಲ್ಲಿ ಕಾಣದ ತೊಂದರೆ ನೂರು ಕಿಲೋಗೆ ಹೋದಾಗ ಎದ್ದು ನಿಲ್ಲುತ್ತದೆ. ಮೊಳಕೆ ಕಟ್ಟಿದ ರಾಗಿಯ ಮಾಲ್ಟ್ ಹಿಟ್ಟನ್ನು ಉದಾಹರಣೆಯಾಗಿ ಹಿಡಿದು ಲೆಕ್ಕ ಹಾಕೋಣ. ಪದಾರ್ಥ ಯಾವುದಾದರೂ ಲೆಕ್ಕದ ರೀತಿ ಇದೇ.

ವಿಧಾನ ಗೊತ್ತಿದ್ದದ್ದೇ. ರಾಗಿಯನ್ನು ತೊಳೆದು ರಾತ್ರಿಯಿಡೀ ನೆನೆಸಿ, ನೀರು ಬಸಿದು, ಒದ್ದೆ ಗೋಣಿತಾಟಿನಡಿ ಒಂದೆರಡು ದಿನ ಮೊಳಕೆ ಬರಿಸಿ, 50–55 ಡಿಗ್ರಿಯಲ್ಲಿ ಒಣಗಿಸಿ, ಉಜ್ಜಿ ಮೊಳಕೆಯ ಎಳೆ ಉದುರಿಸಿ, 70–75 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಪರಿಮಳ ಬರುವಷ್ಟು ಬೆಚ್ಚಗೆ ಮಾಡಿ, ಬೀಸಿ ಜರಡಿ ಹಿಡಿಯುವುದು. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಗಂಜಿ ತೆಳ್ಳಗಿರುತ್ತದೆ, ಅದೇ ಬಟ್ಟಲಿನಲ್ಲಿ ಮಗುವಿಗೆ ಹೆಚ್ಚು ಹಿಟ್ಟು ಉಣ್ಣಿಸಲು ಸಾಧ್ಯ. ಮಾಲ್ಟಿನ ಬೆಲೆ ಇರುವುದೇ ಈ ಗುಣದಲ್ಲಿ.

ಈಗ 100 ಕಿಲೋ ರಾಗಿ. ಅದರಲ್ಲಿ ಶೇ 12 ತೇವ ಇದೆ ಎಂದರೆ ಒಣ ಅಂಶ 88 ಕಿಲೋ. ನೆನೆಸುವಾಗ ಕರಗಿ ಹೋಗುವುದು, ಮೊಳಕೆ ಉಸಿರಾಡುವಾಗ ಸವೆಯುವುದು ಕಳೆದು 82 ಕಿಲೋ ಹಿಡಿಯಿರಿ. ಮೊಳಕೆ ಬಂದ ರಾಗಿಯ ತೇವ ಶೇ 42 ಆದರೆ ಅದರ ಒಟ್ಟು ತೂಕ ಸುಮಾರು 141 ಕಿಲೋ. ಶೇ 10 ತೇವಕ್ಕೆ ಒಣಗಿಸಿದಾಗ ಉಳಿಯುವುದು 91 ಕಿಲೋ. ಅಂದರೆ ಪ್ರತಿ ಸಲ 50 ಕಿಲೋ ನೀರನ್ನು ಆವಿ ಮಾಡಬೇಕು.

ಒಂದು ಕಿಲೋ ನೀರು ಆವಿಯಾಗಲು ಬರೀ ಸಿದ್ಧಾಂತದ ಪ್ರಕಾರವೇ 0.63 ಯೂನಿಟ್ ವಿದ್ಯುತ್ ಬೇಕು. 50 ಕಿಲೋಗೆ 31 ಯೂನಿಟ್ ಚಿಲ್ಲರೆ. ಡ್ರೈಯರಿನಲ್ಲಿ ಬಿಸಿಗಾಳಿ ಹೊರಗೆ ಹೋಗುತ್ತದೆ, ಗೋಡೆ ಬಿಸಿಯಾಗುತ್ತದೆ, ಆದ್ದರಿಂದ ಅದರ ಎರಡರಷ್ಟಾದರೂ ಹಿಡಿಯಿರಿ: 65ರಿಂದ 75 ಯೂನಿಟ್. ಯೂನಿಟ್ಟಿಗೆ 7 ರೂಪಾಯಿಯಂತೆ ಲೆಕ್ಕ ಹಾಕಿದರೆ ಒಣಗಿಸುವ ಖರ್ಚೇ 450–525 ರೂ. ಮೊಳಕೆ ಎಳೆ, ಹೊಟ್ಟು ಕಳೆದು ಕೈಗೆ ಬರುವ ಹಿಟ್ಟು 70 ಕಿಲೋ ಎಂದುಕೊಂಡರೆ ಕಿಲೋಗೆ 6.50ರಿಂದ 7.50 ರೂ. ಬಿಸಿಲಿನಲ್ಲಿ ಒಣಗಿಸಿದ ಪ್ರಯೋಗದ ಖರ್ಚನ್ನು ನೋಡಿ ಬೆಲೆ ಕಟ್ಟಿದ್ದರೆ ಮಳೆಗಾಲ ಬರುತ್ತಲೇ ಲಾಭ ಕೈಬಿಡುವುದು ಇಲ್ಲೇ.

ಯಂತ್ರದ ಅಳತೆಯೂ ಇದರಿಂದಲೇ ಗೊತ್ತಾಗುತ್ತದೆ. 96 ತಟ್ಟೆಯ ಟ್ರೇ ಡ್ರೈಯರಿನಲ್ಲಿ ತಟ್ಟೆಗೆ ಒಂದೂವರೆ ಕಿಲೋ ತೆಳ್ಳಗೆ ಹರವಿದರೆ 144 ಕಿಲೋ ಹಿಡಿಸುತ್ತದೆ. 100 ಕಿಲೋ ರಾಗಿಗೆ ಇದು ಸರಿಯಾದ ಅಳತೆ. ‘ಇನ್ನೂ 50 ಕಿಲೋ ಸೇರಿಸೋಣ’ ಎಂದು ದಪ್ಪಗೆ ಹರವಿದರೆ ಮೇಲ್ಪದರ ಒಣಗಿ ಕೆಳಗಿನದು ಹಸಿಯಾಗಿಯೇ ಉಳಿಯುತ್ತದೆ, ಮರುದಿನ ಮುಗ್ಗಲು ವಾಸನೆ. ಬೇಗ ಒಣಗಲಿ ಎಂದು ಹಸಿಯಿದ್ದಾಗಲೇ ಬಿಸಿ ಏರಿಸಿದರೆ ಕಿಣ್ವ ಸಾಯುತ್ತದೆ. ಹಿಟ್ಟು ನೋಡಲು ಚೆನ್ನಾಗಿರುತ್ತದೆ, ಗಂಜಿ ಮಾತ್ರ ಸಾದಾ ರಾಗಿಯಂತೆ ಗಟ್ಟಿಯಾಗುತ್ತದೆ. ಪರೀಕ್ಷಿಸುವುದು ಸುಲಭ: ಮೊಳಕೆ ಬರಿಸದ ರಾಗಿ ಹಿಟ್ಟು ಮತ್ತು ನಿಮ್ಮ ಮಾಲ್ಟ್ ಹಿಟ್ಟನ್ನು ಒಂದೇ ತೂಕ, ಒಂದೇ ಅಳತೆ ನೀರಿನಲ್ಲಿ ಬೇಯಿಸಿ, ಆರಿದ ಮೇಲೆ ಚಮಚದಿಂದ ಸುರಿದು ನೋಡಿ. ಎರಡೂ ಒಂದೇ ರೀತಿ ಬಿದ್ದರೆ ಆ ತಯಾರಿಯನ್ನು ಮಾಲ್ಟ್ ಎಂದು ಮಾರಬೇಡಿ.

ಮೊಳಕೆ ಕೋಣೆಯಲ್ಲಿ ರಾಶಿ ಎತ್ತರವಾದರೆ ಒಳಗೆ ಕಾವು ಏರಿ ಬೂಷ್ಟು ಹಿಡಿಯುತ್ತದೆ. ಐದು ಕಿಲೋ ಚೀಲದಲ್ಲಿ ಈ ತೊಂದರೆ ಗೊತ್ತೇ ಆಗುವುದಿಲ್ಲ. ಪದರ ತೆಳ್ಳಗಿರಲಿ, ಆಗಾಗ ಮಗುಚಿ. ಬೀಸಿದ ಹಿಟ್ಟನ್ನು ಬಿಸಿಯಿರುವಾಗಲೇ ತುಂಬಿದರೆ ಪೊಟ್ಟಣದೊಳಗೆ ಬೆವರಿ ಗಂಟು ಕಟ್ಟುತ್ತದೆ. ಆರಿದ ಮೇಲೇ ತುಂಬಿ.

ಇಂಥದೇ ಲೆಕ್ಕವನ್ನು ನಿಮ್ಮ ಪದಾರ್ಥಕ್ಕೆ ಮಾಡಿ, ಸಂಸ್ಥೆಯ ತಜ್ಞರಿಗೆ ತೋರಿಸಿ ತಿದ್ದಿಸಿಕೊಳ್ಳಿ. ಯಂತ್ರ ಮಾರುವವರು ಹೇಳುವ ‘ದಿನಕ್ಕೆ ಇಷ್ಟು ಕಿಲೋ’ ಮಾತಿನ ಮೇಲೆ ಯೋಜನಾ ವರದಿ ಬರೆಸಬೇಡಿ.

ಹಂತ 5: ಬಾಡಿಗೆ ಯಂತ್ರದಲ್ಲಿ ತಯಾರಿಸಿ, ಮಾರಿ ನೋಡಿ

ಯಂತ್ರ ಕೊಳ್ಳುವ ಮೊದಲು ಸಂಸ್ಥೆಯ ಪೈಲಟ್ ಘಟಕದಲ್ಲೋ, ಇನ್‌ಕ್ಯುಬೇಷನ್ ಕೇಂದ್ರದಲ್ಲೋ ಬಾಡಿಗೆ ಕೊಟ್ಟು ಕೆಲವು ಬಾರಿ ತಯಾರಿಸಿ. ಕಿರು ಆಹಾರ ಉದ್ದಿಮೆಗಳ ಯೋಜನೆಯಡಿ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯ ಇನ್‌ಕ್ಯುಬೇಷನ್ ಕೇಂದ್ರಗಳನ್ನು ತೆರೆದಿರುವುದು ಇದಕ್ಕಾಗಿಯೇ. ಮುದ್ರಿತ ಪೊಟ್ಟಣ ಮಾಡಿಸಲು ಹೋಗಬೇಡಿ, ಮುದ್ರಕರು ಅಚ್ಚಿನ ಸಿಲಿಂಡರ್ ಖರ್ಚು, ಕನಿಷ್ಠ ತೂಕ ಎಂದು ದೊಡ್ಡ ಮೊತ್ತ ಕೇಳುತ್ತಾರೆ. ಸಾದಾ ಲ್ಯಾಮಿನೇಟ್ ಪೊಟ್ಟಣ, ಮೇಲೊಂದು ಸ್ಟಿಕರ್ ಸಾಕು. ಮಾರಾಟಕ್ಕೆ ಆಹಾರ ಸುರಕ್ಷತಾ ನೋಂದಣಿ ಈ ಹಂತದಲ್ಲೂ ಬೇಕು ಎಂಬುದು ನೆನಪಿರಲಿ.

ಮೊದಲ ಸಲ ನೆಂಟರಿಷ್ಟರೇ ಕೊಂಡುಕೊಳ್ಳುತ್ತಾರೆ, ಅದನ್ನು ಮಾರುಕಟ್ಟೆ ಎಂದು ಎಣಿಸಬೇಡಿ. ಗುರುತಿಲ್ಲದ ಅಂಗಡಿಯವರು ಎರಡನೆಯ ಸಲ ತಾವಾಗಿಯೇ ಫೋನ್ ಮಾಡಿ ತರಿಸಿಕೊಂಡರೆ ಮುಂದಿನ ಹಂತಕ್ಕೆ ಹೋಗಿ.

ಹಂತ 6: ಒಪ್ಪಂದ ಓದುವ ಬಗೆ

ಸರ್ಕಾರಿ ಸಂಸ್ಥೆಗಳು ಹೆಚ್ಚಾಗಿ ಕೊಡುವುದು ಏಕಸ್ವಾಮ್ಯವಿಲ್ಲದ ಪರವಾನಗಿ. ಅಂದರೆ ನಿಮಗೆ ಕೊಟ್ಟದ್ದನ್ನೇ ಪಕ್ಕದ ತಾಲ್ಲೂಕಿನವರಿಗೂ ಕೊಡಬಹುದು. ಇದು ಅನ್ಯಾಯವಲ್ಲ, ಸಾರ್ವಜನಿಕ ಹಣದಲ್ಲಿ ಆದ ಸಂಶೋಧನೆ ಹಲವರ ಕೈಗೆ ಹೋದರೆ ಹಲವು ಊರುಗಳಲ್ಲಿ ಕೆಲಸ ಹುಟ್ಟುತ್ತದೆ. ಆದರೆ ‘ಈ ತಂತ್ರಜ್ಞಾನ ನನ್ನೊಬ್ಬನ ಬಳಿ ಇದೆ’ ಎಂಬ ಎಣಿಕೆಯ ಮೇಲೆ ಲಾಭ ಲೆಕ್ಕ ಹಾಕಿದ್ದರೆ ಈಗಲೇ ತಿದ್ದಿಕೊಳ್ಳಿ.

ಶುಲ್ಕದ ಜೊತೆಗೆ ಶೇ 18 ಜಿಎಸ್‌ಟಿ ಸೇರುತ್ತದೆ, ಬಹಳ ಜನ ಇದನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಮುಂಗಡ ಶುಲ್ಕ ಒಂದೇ ಸಲವೇ, ಕಂತೇ ಎಂದು ಕೇಳಿ. ರಾಯಲ್ಟಿ ಇದ್ದರೆ ಅದು ಯಾವುದರ ಮೇಲೆ ಎಂಬ ಸಾಲನ್ನು ಎರಡು ಸಲ ಓದಿ. ಕಾರ್ಖಾನೆ ಬಾಗಿಲಿನ ನಿವ್ವಳ ಬೆಲೆಯ ಮೇಲಾದರೆ ಸರಿ. ಎಂಆರ್‌ಪಿ ಮೇಲಾದರೆ ತೆರಿಗೆಗೂ ಅಂಗಡಿಯವರ ಕಮಿಷನ್ನಿಗೂ ಸೇರಿಸಿ ನೀವು ಪಾಲು ಕೊಟ್ಟಂತಾಗುತ್ತದೆ. ಮಾರಾಟವೇ ಇಲ್ಲದ ವರ್ಷವೂ ಕಟ್ಟಬೇಕಾದ ಕನಿಷ್ಠ ರಾಯಲ್ಟಿ ಇದೆಯೇ ನೋಡಿ.

ಇನ್ನು ನೋಡಬೇಕಾದವು: ಪರವಾನಗಿ ಎಷ್ಟು ವರ್ಷಕ್ಕೆ, ನವೀಕರಣಕ್ಕೆ ಮತ್ತೆ ಪೂರ್ತಿ ಶುಲ್ಕವೇ; ಬೇರೆ ರಾಜ್ಯದಲ್ಲಿ ಮಾರಬಹುದೇ; ವಿಧಾನದಲ್ಲಿ ನೀವು ಮಾಡಿದ ಸುಧಾರಣೆ ಯಾರದು; ಒಂದು ನಿಗದಿತ ಅವಧಿಯೊಳಗೆ ಉತ್ಪಾದನೆ ಆರಂಭಿಸದಿದ್ದರೆ ಪರವಾನಗಿ ರದ್ದಾಗುತ್ತದೆಯೇ; ನೀವು ಕಂಪನಿ ಮಾಡಿಕೊಂಡರೆ ಅದರ ಹೆಸರಿಗೆ ಬದಲಿಸಿಕೊಡುತ್ತಾರೆಯೇ. ಕೊನೆಯದು ರೈತ ಉತ್ಪಾದಕ ಕಂಪನಿಗಳಿಗೆ ತುಂಬಾ ಮುಖ್ಯ. ಅಧ್ಯಕ್ಷರ ಸ್ವಂತ ಹೆಸರಿನಲ್ಲಿ ಪರವಾನಗಿ ಪಡೆದು, ಅವರು ಬದಲಾದಾಗ ಇಡೀ ಘಟಕ ಕಾನೂನಿನ ತೊಡಕಿಗೆ ಸಿಕ್ಕಿಕೊಳ್ಳುವುದು ಉಂಟು. ಮೊದಲಿನಿಂದಲೇ ಕಂಪನಿಯ ಹೆಸರಿನಲ್ಲೇ ಮಾಡಿಸಿ.

ಸಂಸ್ಥೆಯ ಹೆಸರು, ಲಾಂಛನವನ್ನು ಪೊಟ್ಟಣದ ಮೇಲೆ ಹಾಕುವ ಮೊದಲು ಒಪ್ಪಂದದಲ್ಲಿ ಅನುಮತಿ ಇದೆಯೇ ನೋಡಿ. ಪರವಾನಗಿ ಕೊಟ್ಟ ಮಾತ್ರಕ್ಕೆ ನಿಮ್ಮ ಪದಾರ್ಥದ ಗುಣಮಟ್ಟಕ್ಕೆ ಸಂಸ್ಥೆ ಜಾಮೀನು ನಿಂತಂತಲ್ಲ. ಇನ್ನು ಎಂಒಯು ಎಂಬ ಒಡಂಬಡಿಕೆ ಪತ್ರ ಬೇರೆ, ಪರವಾನಗಿ ಒಪ್ಪಂದ ಬೇರೆ. ಫೋಟೊ ತೆಗೆಸಿಕೊಂಡು ಎಂಒಯುಗೆ ಸಹಿ ಹಾಕಿದರೆ ಉತ್ಪಾದನೆಯ ಹಕ್ಕು ಬಂದಂತಾಗುವುದಿಲ್ಲ.

ಹಂತ 7: ಹಣಕಾಸು

ಆಹಾರ ಘಟಕಗಳಿಗೆ ಮೊದಲು ನೋಡಬೇಕಾದದ್ದು ಪಿಎಂಎಫ್‌ಎಂಇ, ಅಂದರೆ ಕೇಂದ್ರದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆ. 2020ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಕೇಂದ್ರದ್ದು ಶೇ 35, ಗರಿಷ್ಠ 10 ಲಕ್ಷ ರೂ. ಸಹಾಯಧನ. ಕರ್ನಾಟಕ ಸರ್ಕಾರ ಶೇ 15 ಸೇರಿಸಿ ಒಟ್ಟು ಶೇ 50, ಗರಿಷ್ಠ 15 ಲಕ್ಷ ರೂ.ವರೆಗೆ ಕೊಟ್ಟಿದೆ. ರಾಜ್ಯದಲ್ಲಿ ಇದನ್ನು ನಡೆಸುವುದು ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ (ಕೆಪೆಕ್). ನಿಮ್ಮ ಪಾಲು ಕನಿಷ್ಠ ಶೇ 10, ಉಳಿದದ್ದು ಬ್ಯಾಂಕ್ ಸಾಲ. ಯೋಜನೆಯ ಅವಧಿ ಈಗಲೂ ಇದೆಯೇ, ನಿಮ್ಮ ಜಿಲ್ಲೆಗೆ ಗುರಿ ಉಳಿದಿದೆಯೇ ಎಂದು ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ಅರ್ಜಿ ಹಾಕಲು, ಯೋಜನಾ ವರದಿ ಬರೆಸಲು ಜಿಲ್ಲಾ ಸಂಪನ್ಮೂಲ ವ್ಯಕ್ತಿ ಇರುತ್ತಾರೆ. ಅವರಿಗೆ ಯೋಜನೆಯಿಂದಲೇ ಸಂಭಾವನೆ ಸಿಗುತ್ತದೆ, ನೀವು ಕೊಡಬೇಕಾಗಿಲ್ಲ. ಸ್ವಸಹಾಯ ಸಂಘಗಳಿಗೆ ಸದಸ್ಯರಿಗೆ ತಲಾ 40,000 ರೂ. ಬೀಜಧನವೂ ಇದೇ ಯೋಜನೆಯಲ್ಲಿದೆ.

ಆಹಾರವಲ್ಲದ ತಯಾರಿಕೆಗೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ (ಪಿಎಂಇಜಿಪಿ): ಯೋಜನಾ ವೆಚ್ಚ 50 ಲಕ್ಷ ರೂ.ವರೆಗೆ. ಸಹಾಯಧನ ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 25, ಮಹಿಳೆಯರು, ಪರಿಶಿಷ್ಟರು ಮತ್ತಿತರ ವಿಶೇಷ ವರ್ಗಕ್ಕೆ ಶೇ 35. ಪೇಟೆಯಲ್ಲಾದರೆ ಇವು ಶೇ 15 ಮತ್ತು ಶೇ 25 ಮಾತ್ರ. ಘಟಕ ಹಳ್ಳಿಯಲ್ಲೇ ಇರಲಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಇಲ್ಲಿ ಎರಡು ತಪ್ಪು ತಿಳಿವಳಿಕೆ ಸಾಮಾನ್ಯ. ಒಂದು, ಸಬ್ಸಿಡಿ ಹಣ ಮೊದಲೇ ಕೈಗೆ ಬರುತ್ತದೆ ಎಂಬುದು. ಬರುವುದಿಲ್ಲ. ಅದು ಬ್ಯಾಂಕಿನಲ್ಲೇ ಪ್ರತ್ಯೇಕವಾಗಿ ಕೂತು, ಮೂರು ವರ್ಷ ಸಾಲದ ಕಂತು ಸರಿಯಾಗಿ ಕಟ್ಟಿ ಘಟಕ ನಡೆಯುತ್ತಿದ್ದರೆ ಸಾಲಕ್ಕೆ ಜಮೆಯಾಗುತ್ತದೆ. ಇನ್ನೊಂದು, ಎಲ್ಲ ಖರ್ಚಿಗೂ ಸಬ್ಸಿಡಿ ಇದೆ ಎಂಬುದು. ಪಿಎಂಎಫ್‌ಎಂಇಯಲ್ಲಿ ಜಮೀನಿನ ಬೆಲೆಗೂ ದುಡಿಯುವ ಬಂಡವಾಳಕ್ಕೂ ಸಹಾಯಧನವಿಲ್ಲ, ಕಟ್ಟಡದ ಪಾಲಿಗೂ ಮಿತಿ ಇದೆ. ರಾಗಿಯಂಥ ಬೆಳೆಯನ್ನು ಸುಗ್ಗಿಯಲ್ಲಿ ಕೊಂಡು ವರ್ಷಪೂರ್ತಿ ಇಟ್ಟುಕೊಳ್ಳಬೇಕು, ಅಂಗಡಿಯವರು 30–45 ದಿನ ಉದ್ದರಿ ಕೇಳುತ್ತಾರೆ. ಮೂರು ತಿಂಗಳ ಕಚ್ಚಾವಸ್ತು, ಕೂಲಿ, ಕರೆಂಟ್ ಬಿಲ್ಲಿಗಾಗುವ ಹಣ ಬೇರೆ ಇಲ್ಲದೆ ಯಂತ್ರ ಇಳಿಸಬೇಡಿ. ಯಂತ್ರ ಹೊಳೆಯುತ್ತಿದ್ದು ರಾಗಿ ಕೊಳ್ಳಲು ಹಣವಿಲ್ಲದೆ ಬೀಗ ಬಿದ್ದ ಘಟಕಗಳು ಎಲ್ಲ ಜಿಲ್ಲೆಯಲ್ಲೂ ಕಾಣಸಿಗುತ್ತವೆ.

ತಂತ್ರಜ್ಞಾನ ಹೊಸದಾಗಿದ್ದು ಇನ್ನೂ ಪರೀಕ್ಷೆಯ ಹಂತದಲ್ಲಿದ್ದರೆ ಬ್ಯಾಂಕ್ ಸಾಲಕ್ಕಿಂತ ಅನುದಾನ ಸೂಕ್ತ: ರಾಜ್ಯ ಸರ್ಕಾರ ಸ್ಟಾರ್ಟಪ್‌ಗಳಿಗಾಗಿ ನಡೆಸುವ ಎಲಿವೇಟ್ ಸ್ಪರ್ಧೆಯಲ್ಲಿ, ಜೈವಿಕ ತಂತ್ರಜ್ಞಾನವಾದರೆ ಆ ಕ್ಷೇತ್ರದ ಉದ್ಯಮಗಳಿಗೆ ನೆರವಾಗುವ ಕೇಂದ್ರದ ಸಂಸ್ಥೆ ಬೈರಾಕ್‌ನ ಬಿಗ್ ಯೋಜನೆಯಲ್ಲಿ 50 ಲಕ್ಷ ರೂ.ವರೆಗೆ ಅವಕಾಶವಿದೆ. ಕೃಷಿ ಸ್ಟಾರ್ಟಪ್‌ಗಳಿಗೆ ಧಾರವಾಡದ ಕೃಷಿಕ್‌ನಂಥ ಕೇಂದ್ರಗಳ ಮೂಲಕ ಕೇಂದ್ರದ ನೆರವು ಸಿಗುತ್ತದೆ.

ಹಂತ 8: ಅನುಮತಿಗಳು

ಸಣ್ಣ ಉದ್ದಿಮೆಗಳ ‘ಉದ್ಯಮ್’ ನೋಂದಣಿ ಆನ್‌ಲೈನ್, ಉಚಿತ. ಹಣ ಕೇಳುವ ಜಾಲತಾಣ ಸರ್ಕಾರದ್ದಲ್ಲ. ಕೃಷಿ ಜಮೀನಿನಲ್ಲಿ ಕಟ್ಟುವುದಾದರೆ ಭೂಪರಿವರ್ತನೆ ಬೇಕೇ ಎಂದು ಕೇಳಿ ತಿಳಿದುಕೊಳ್ಳಿ, ನಂತರ ಗ್ರಾಮ ಪಂಚಾಯಿತಿಯ ಅನುಮತಿ. ತ್ರೀ ಫೇಸ್ ಕೈಗಾರಿಕಾ ಸಂಪರ್ಕಕ್ಕೆ ನಿಮ್ಮ ಭಾಗದ ವಿದ್ಯುತ್ ಸರಬರಾಜು ಕಂಪನಿಗೆ (ಎಸ್ಕಾಂ) ಅರ್ಜಿ. ಲೈನ್ ದೂರವಿದ್ದರೆ ಕಂಬ, ಟ್ರಾನ್ಸ್‌ಫಾರ್ಮರ್ ಖರ್ಚು ನಿಮ್ಮ ಮೇಲೆ ಬೀಳಬಹುದು, ಜಾಗ ಗೊತ್ತು ಮಾಡುವ ಮೊದಲೇ ಅಂದಾಜು ಪಟ್ಟಿ ಕೇಳಿ. ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನಿಮ್ಮ ಉದ್ದಿಮೆ ಬಿಳಿ, ಹಸಿರು, ಕಿತ್ತಳೆ, ಕೆಂಪು ಇವುಗಳಲ್ಲಿ ಯಾವ ವರ್ಗಕ್ಕೆ ಸೇರಿದೆ ನೋಡಿ. ಇವುಗಳಿಗೆಲ್ಲ ಜಿಲ್ಲಾ ಕೈಗಾರಿಕಾ ಕೇಂದ್ರದ ಏಕಗವಾಕ್ಷಿ ವ್ಯವಸ್ಥೆ ಬಳಸಿಕೊಳ್ಳಿ.

ಆಹಾರವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಅಥವಾ ಲೈಸೆನ್ಸ್. ಎರಡರಲ್ಲಿ ಯಾವುದು ಎಂಬುದು ವಾರ್ಷಿಕ ವಹಿವಾಟಿನ ಮೇಲೆ. ಅದರ 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲಿರಬೇಕು. ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಬೆಲೆ, ತಯಾರಾದ ದಿನಾಂಕ, ಬ್ಯಾಚ್ ಸಂಖ್ಯೆ, ಗ್ರಾಹಕರ ದೂರಿಗೆ ವಿಳಾಸ ಇವೂ ಕಡ್ಡಾಯ. ‘ಸಕ್ಕರೆ ಕಾಯಿಲೆ ವಾಸಿಮಾಡುತ್ತದೆ’ ಎಂಬಂಥ ಮಾತನ್ನು ಸಿರಿಧಾನ್ಯದ ಪೊಟ್ಟಣದ ಮೇಲೆ ಬರೆಯಬೇಡಿ. ಆಹಾರ ಪದಾರ್ಥಕ್ಕೆ ರೋಗ ವಾಸಿಮಾಡುವ ಗುಣ ಹೇಳುವುದು ಕಾನೂನಿನ ಉಲ್ಲಂಘನೆ.

ಜೈವಿಕ ಗೊಬ್ಬರಕ್ಕೆ ಗೊಬ್ಬರ ನಿಯಂತ್ರಣ ಆದೇಶದಡಿ ಕೃಷಿ ಇಲಾಖೆಯ ಅನುಮತಿ ಬೇಕು. ಅಜೋಸ್ಪಿರಿಲಂನಂಥ ಪುಡಿ ಗೊಬ್ಬರದಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿ ಜೀವಂತ ಸೂಕ್ಷ್ಮಾಣು ಇರಬೇಕೆಂಬುದು ನಿಯಮ. ತಯಾರಾದ ದಿನ ಎಣಿಕೆ ಚೆನ್ನಾಗಿದ್ದು, ತಗಡಿನ ಮಾಡಿನ ಗೋದಾಮಿನಲ್ಲಿ ಬೇಸಿಗೆ ಕಳೆಯುವಷ್ಟರಲ್ಲಿ ಬಿದ್ದುಹೋಗುತ್ತದೆ. ತಂಪಾದ ದಾಸ್ತಾನಿಗೆ ಜಾಗ ಇಲ್ಲದವರು ಈ ಉದ್ದಿಮೆಗೆ ಕೈಹಾಕದಿರುವುದು ಲೇಸು. ಬೀಜ ಮಾರಲು ಬೀಜ ಮಾರಾಟದ ಲೈಸೆನ್ಸ್ ಬೇಕು, ನೀರಾ ಅಥವಾ ಕಲ್ಪರಸ ಇಳಿಸಲು ಅಬಕಾರಿ ಇಲಾಖೆಯ ಅನುಮತಿ ಬೇಕು.

ಹಂತ 9: ಕಚ್ಚಾವಸ್ತು ಮತ್ತು ಕೆಲಸಗಾರರು

ಪಿಎಂಎಫ್‌ಎಂಇಯಲ್ಲಿ ಪ್ರತಿ ಜಿಲ್ಲೆಗೂ ಒಂದು ಉತ್ಪನ್ನ ಗುರುತಿಸಿದ್ದಾರೆ: ಮಂಡ್ಯಕ್ಕೆ ಬೆಲ್ಲ, ಕೋಲಾರಕ್ಕೆ ಟೊಮೆಟೊ, ಶಿವಮೊಗ್ಗಕ್ಕೆ ಅನಾನಸ್. ಅದನ್ನೇ ಮಾಡಬೇಕೆಂದಿಲ್ಲ, ಆದರೆ ಸುತ್ತಲೇ ಸಿಗುವ ಬೆಳೆಯನ್ನು ಆರಿಸಿಕೊಂಡರೆ ಸಾಗಣೆ ಖರ್ಚು ಇಳಿಯುತ್ತದೆ. ತಳಿಯನ್ನೂ ನೋಡಿ. ಮಂಡಿಯಿಂದ ಬೆರಕೆ ರಾಗಿ ತಂದರೆ ಒಂದಿಷ್ಟು ಮೊದಲ ದಿನವೇ ಮೊಳೆತು, ಒಂದಿಷ್ಟು ಮೂರನೆಯ ದಿನ ಮೊಳೆಯುತ್ತದೆ. ಹಳೆಯ ದಾಸ್ತಾನು ಮೊಳೆಯುವುದೇ ಇಲ್ಲ. ಪ್ರತಿ ಲೋಡಿನಿಂದ ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿಟ್ಟು, ತೊಂಬತ್ತಕ್ಕಿಂತ ಕಡಿಮೆ ಮೊಳೆತರೆ ಮಾಲ್ಟಿಗೆ ಬಳಸಬೇಡಿ. ರೈತ ಉತ್ಪಾದಕ ಕಂಪನಿಯ ಜೊತೆ ಒಂದೇ ತಳಿ ಬೆಳೆದು ಕೊಡುವ ಒಪ್ಪಂದ ಮಾಡಿಕೊಂಡರೆ ಈ ತಲೆನೋವು ತಪ್ಪುತ್ತದೆ, ರೈತರಿಗೂ ಸುಗ್ಗಿಯಲ್ಲಿ ಬೆಲೆ ನಿಶ್ಚಿತವಾಗುತ್ತದೆ.

ಉದ್ಯೋಗದ ಲೆಕ್ಕ ಪ್ರಾಮಾಣಿಕವಾಗಿರಲಿ. ದಿನಕ್ಕೆ 100 ಕಿಲೋ ರಾಗಿಯ ಘಟಕಕ್ಕೆ ತೊಳೆಯಲು, ಮಗುಚಲು, ಬೀಸಲು, ತುಂಬಲು ನಾಲ್ಕೈದು ಜನ ಬೇಕು. ಯೋಜನಾ ವರದಿಯಲ್ಲಿ ‘20 ಜನರಿಗೆ ಉದ್ಯೋಗ’ ಎಂದು ಬರೆದರೆ ಬ್ಯಾಂಕಿನವರು ಕೂಲಿಯ ಖರ್ಚನ್ನೂ ಅಷ್ಟೇ ಹಿಡಿಯುತ್ತಾರೆ, ಲಾಭ ಕಾಣುವುದಿಲ್ಲ. ಆ ನಾಲ್ಕೈದು ಕೆಲಸ ವರ್ಷಪೂರ್ತಿ ಇರುವಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಮೂರು ತಿಂಗಳು ಕೂಲಿ ಕೊಟ್ಟು ಒಂಬತ್ತು ತಿಂಗಳು ಮನೆಗೆ ಕಳಿಸಿದರೆ ನೀವು ಕಲಿಸಿದ ಕೈಗಳು ಬೆಂಗಳೂರಿನ ಬಸ್ಸು ಹತ್ತುತ್ತವೆ. ಟೊಮೆಟೊ, ಅನಾನಸ್‌ನಂಥ ಋತುಮಾನದ ಬೆಳೆಯಾದರೆ ಅದೇ ಡ್ರೈಯರಿನಲ್ಲಿ ಉಳಿದ ತಿಂಗಳು ಏನು ಮಾಡುತ್ತೀರಿ ಎಂದು ಈಗಲೇ ಬರೆದಿಡಿ: ನುಗ್ಗೆ ಸೊಪ್ಪು, ಕರಿಬೇವು, ಶುಂಠಿ ಯಾವುದಾದರೂ ಸರಿ. ಕೆಲಸಗಾರರು 10 ಮುಟ್ಟಿದರೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ), 20 ಮುಟ್ಟಿದರೆ ಭವಿಷ್ಯನಿಧಿ ಅನ್ವಯವಾಗುತ್ತದೆ. ಸಂಸ್ಥೆಯ ತರಬೇತಿಗೆ ಮಾಲೀಕರು ಮಾತ್ರ ಹೋಗಬೇಡಿ, ದಿನವೂ ಡ್ರೈಯರ್ ಮುಂದೆ ನಿಲ್ಲುವವರನ್ನೂ ಕರೆದುಕೊಂಡು ಹೋಗಿ.

ಹಂತ 10: ಮೊದಲ ವರ್ಷದ ದಾಖಲೆ

ಪ್ರತಿ ತಯಾರಿಗೂ ಒಂದು ಹಾಳೆ ಇಡಿ: ಕಚ್ಚಾವಸ್ತು ಎಲ್ಲಿಯದು, ಎಷ್ಟು ತೂಕ, ನೆನೆಸಿದ್ದು ಎಷ್ಟು ಹೊತ್ತು, ಡ್ರೈಯರಿನ ಬಿಸಿ ಗಂಟೆಗೊಮ್ಮೆ ಎಷ್ಟು, ಕೊನೆಯ ತೇವಾಂಶ, ಸಿಕ್ಕ ತೂಕ, ಮೀಟರ್ ಓದು. ಪ್ರತಿ ಬ್ಯಾಚಿನ ಎರಡು ಪೊಟ್ಟಣವನ್ನು ಬಾಳಿಕೆಯ ಅವಧಿ ಮುಗಿಯುವವರೆಗೆ ಎತ್ತಿಡಿ. ಗ್ರಾಹಕರಿಂದ ಕಮಟು ವಾಸನೆಯ ದೂರು ಬಂದಾಗ ಆ ಪೊಟ್ಟಣ ಒಡೆದು ನೋಡಿದರೆ ತಪ್ಪು ನಿಮ್ಮ ಘಟಕದ್ದೋ ಅಂಗಡಿಯ ದಾಸ್ತಾನಿನದ್ದೋ ಗೊತ್ತಾಗುತ್ತದೆ.

ಸಂಸ್ಥೆಯ ತಜ್ಞರಿಗೆ ಫೋನ್ ಮಾಡಿ ‘ಸರಿ ಬರ್ತಿಲ್ಲ ಸಾರ್’ ಎಂದರೆ ಅವರೇನೂ ಮಾಡಲಾರರು. ಈ ಹಾಳೆಗಳನ್ನು ಕಳಿಸಿ, ಕೆಟ್ಟ ಬ್ಯಾಚಿನ ಮಾದರಿಯನ್ನೂ ಚೆನ್ನಾಗಿ ಬಂದ ಬ್ಯಾಚಿನ ಮಾದರಿಯನ್ನೂ ಜೊತೆಗಿಡಿ. ಒಪ್ಪಂದದ ಪ್ರಕಾರ ಉಚಿತ ನೆರವಿಗೆ ಅವಧಿ ಇರುತ್ತದೆ. ಆ ಅವಧಿಯೊಳಗೆ ಒಂದು ಮಳೆಗಾಲ ಬರುವಂತೆ ಉತ್ಪಾದನೆ ಶುರು ಮಾಡಿ, ಒಣಗಿಸುವ ಪದಾರ್ಥಗಳ ಬಹುಪಾಲು ತೊಂದರೆಗಳು ಹೊರಬೀಳುವುದು ಜೂನ್‌ನಿಂದ ಸೆಪ್ಟೆಂಬರ್ ನಡುವೆಯೇ.